ಸೋದರಮಾವನ ತೊಡೆ

ನಮ್ಮ ಕಡೆ ಮಗುವಿಗೆ ಕಿವಿ ಚುಚ್ಚಿಸಬೇಕೆಂದರೆ ಸೋದರಮಾವನ ತೊಡೆ ಬೇಕೇ ಬೇಕು. ಅಪ್ಪ ಎದುರಿಗಿದ್ದರೂ ಆಗದು, ತಾತ ಬಂದು ಕೂತರೂ ಆಗದು. ತಾಯಿಯ ಅಣ್ಣನೋ ತಮ್ಮನೋ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಅವನ ತೊಡೆಯ ಮೇಲೆ ಮಗು ಕೂರಬೇಕು, ಮೊದಲ ಓಲೆಯನ್ನೂ ಅವನೇ ತರಬೇಕು. ಒಡಹುಟ್ಟಿದವರಿಲ್ಲದ ತಾಯಂದಿರು ದೂರದ ಸಂಬಂಧದಲ್ಲಾದರೂ ಒಬ್ಬ ತಮ್ಮನನ್ನು ಹುಡುಕಿ ಕರೆತರುತ್ತಾರೆ. ನನ್ನ ಮೊಮ್ಮಗಳಿಗೆ ಆ ತಾಪತ್ರಯವಿರಲಿಲ್ಲ. ಅವಳ ಸೋದರಮಾವ ಎಂದರೆ ನನ್ನ ಮಗ. ಕಡೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಇನ್ನೂ ಮದುವೆಯಾಗಿಲ್ಲ. ಅಕ್ಕನ ಮಗಳೆಂದರೆ ಅವನಿಗೆ ಪ್ರಾಣ.

ಕೂಸು ಹುಟ್ಟಿದ್ದು ಲಾಕ್‌ಡೌನಿನ ಕಾಲದಲ್ಲಿ. ಆಗ ನಾವು ಅಜ್ಜಂಪುರದಲ್ಲಿ, ಮಗಳು ತರೀಕೆರೆಯಲ್ಲಿ, ಮಗ ಕಡೂರಿನಲ್ಲಿ. ಒಬ್ಬರ ಮುಖ ಒಬ್ಬರು ಫೋನಿನಲ್ಲಿ ನೋಡಿಕೊಂಡು ಕೂತಿದ್ದೆವು, ಕಿವಿ ಚುಚ್ಚಿಸುವ ಮಾತೆಲ್ಲಿ ಬಂತು? ಬೆಸ ವರ್ಷದಲ್ಲೇ ಚುಚ್ಚಿಸಬೇಕು ಎಂದು ಮೂರನೇ ವರ್ಷಕ್ಕೆ ಕಾದರೆ, ಆ ವರ್ಷ ಮಗುವಿನ ಅಪ್ಪನ ಕಡೆಯ ತಾತ ತೀರಿಕೊಂಡರು. ವರ್ಷದೊಳಗೆ ಶುಭಕಾರ್ಯವಿಲ್ಲ ಎಂದಾಯಿತು. ಹೀಗೆ ಮುಂದೆ ಹೋಗುತ್ತ ಹೋಗುತ್ತ ಐದನೇ ವರ್ಷ ಬಂತು. ಎದೆಹಾಲು ಕುಡಿಯುವ ಕೂಸಾಗಿದ್ದರೆ ಎರಡು ಸಲ ಕಿರುಚಿ ಮಲಗುತ್ತಿತ್ತು. ಇವಳೋ ಯುಕೆಜಿಗೆ ಹೋಗುವವಳು, ಬಾಯಿ ಬಿಟ್ಟರೆ ನನ್ನನ್ನೇ ಮೀರಿಸುತ್ತಾಳೆ.

ತರೀಕೆರೆಯ ಮನೆಯಲ್ಲಿ ಅವತ್ತು ಬೆಳಗ್ಗೆ ಎಲ್ಲ ಸಿದ್ಧವಾಗಿತ್ತು. ಅಕ್ಕಸಾಲಿ ಆಚಾರ್ರು ಚಿನ್ನದ ತಂತಿ, ಸೂಜಿ, ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಎಲ್ಲವನ್ನೂ ತಟ್ಟೆಯಲ್ಲಿಟ್ಟುಕೊಂಡು ಕೂತಿದ್ದರು. ಮಗ ಹೊಸ ಪಂಚೆ ಉಟ್ಟು ಮಣೆಯ ಮೇಲೆ ಕೂತಿದ್ದ. ನನ್ನ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಆರತಿಗೆ ಅಣಿ ಮಾಡುತ್ತಿದ್ದರು. ಮಗಳು ರೇಷ್ಮೆ ಲಂಗ ಉಡಿಸಿ ಮಗುವನ್ನು ಕರೆತಂದು, "ಹೋಗಮ್ಮ, ಮಾವನ ತೊಡೆ ಮೇಲೆ ಕೂತ್ಕೋ" ಅಂದಳು.

"ಕೂರಲ್ಲ."

ಮಗು ಸೂಜಿಗೆ ಹೆದರಿದೆ ಎಂದುಕೊಂಡೆವು. ಮಗಳು ಚಾಕೊಲೇಟಿನ ಆಸೆ ತೋರಿಸಿದಳು, ಅಳಿಯ ಸೈಕಲ್ಲಿನ ಆಸೆ ತೋರಿಸಿದ. ಮಗು ಸ್ಪಷ್ಟವಾಗಿ ಹೇಳಿತು: "ಕಿವಿ ಚುಚ್ಚಿಸ್ಕೋತೀನಿ. ಮಾವನ ತೊಡೆ ಮೇಲೆ ಕೂರಲ್ಲ. ಅಮ್ಮನ ತೊಡೆ ಮೇಲೆ ಕೂರ್ತೀನಿ."

"ಅಮ್ಮನ ತೊಡೆ ಆಗಲ್ಲ ಕಣೇ, ಮಾವಂದೇ ಆಗ್ಬೇಕು" ಎಂದರು ಬೀಗಿತ್ತಿ. ನನ್ನ ಮಗ ನಗುತ್ತಲೇ ಎರಡೂ ಕೈ ಚಾಚಿ, ಬೆರಳು ಆಡಿಸುತ್ತ, "ಬತ್ತೀಯೋ ಇಲ್ಲ ಕಚಗುಳಿ ಇಡ್ಲೋ?" ಅಂದ. ಯಾವಾಗಲೂ ಅವರಿಬ್ಬರ ಆಟ ಶುರುವಾಗುತ್ತಿದ್ದದ್ದು ಹಾಗೆಯೇ. ಅವತ್ತು ಮಗು ಬಾಗಿಲ ಹಿಂದಕ್ಕೆ ಓಡಿ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿತು:

"ನನ್ನ ಮುಟ್ಬೇಡ! ಇಷ್ಟ ಇಲ್ದೆ ಯಾರೂ ಮುಟ್ಟಂಗಿಲ್ಲ! ನಮ್ ಮಿಸ್ ಹೇಳಿದಾರೆ!"

ಆ ವಾರವಷ್ಟೇ ಶಾಲೆಯಲ್ಲಿ ಮಕ್ಕಳಿಗೆ ಒಳ್ಳೆಯ ಮುಟ್ಟುವಿಕೆ, ಕೆಟ್ಟ ಮುಟ್ಟುವಿಕೆ ಎಂದು ಪಾಠ ಮಾಡಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಬೀಗಿತ್ತಿ ಆರತಿ ತಟ್ಟೆ ಕೆಳಗಿಟ್ಟು ನನ್ನ ಮಗನ ಕಡೆ ಒಂದು ಸಲ ನೋಡಿದರು. ಆ ನೋಟವೇ ಸಾಕಿತ್ತು. ಮಗ ಚಾಚಿದ ಕೈಗಳನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಪಂಚೆಯ ಮಡಿಕೆಯೊಳಗೆ ಬಚ್ಚಿಟ್ಟುಕೊಂಡ.

ನಾನು ಸರ್ಕಾರಿ ನರ್ಸಾಗಿ ಸಿಂಗಟಗೆರೆ, ಸಖರಾಯಪಟ್ಟಣದ ಕಡೆಯ ಹಳ್ಳಿಗಳಲ್ಲಿ ತಿರುಗಾಡಿ ದುಡಿದು ನಿವೃತ್ತಳಾದವಳು. "ನಮ್ಮನೆಯವರು ಅಂಥೋರಲ್ಲ ನರ್ಸಮ್ಮ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದ ತಾಯಂದಿರನ್ನು ಕಂಡಿದ್ದೇನೆ. ಆ ಮಾತು ಸುಳ್ಳಾದದ್ದನ್ನೂ ಕಂಡಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಆ ಹೆತ್ತವಳು ಈಗ ನಾನೇ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಒಂದು ಕಡೆ, ಅವನ ಕಂಡು ಬಾಗಿಲ ಹಿಂದೆ ಅಡಗಿ ನಿಂತ ಕೂಸು ಇನ್ನೊಂದು ಕಡೆ. ಅಯ್ಯೋ ದೇವರೇ, ಇಂಥ ದಿನ ಯಾವ ತಾಯಿಗೂ ಬೇಡ. ಎದ್ದೆ, ಮಗುವಿನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ.

ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂರಿಸಿ ನಾನು ಕೆಳಗೆ ಕೂತೆ. ಮಕ್ಕಳನ್ನು ಕೇಳುವಾಗ ಉತ್ತರವನ್ನು ನಾವೇ ಅವರ ಬಾಯಿಗೆ ತುರುಕಬಾರದು. ಬೆಣ್ಣೆಯಿಂದ ಕೂದಲು ತೆಗೆದಂತೆ ಕೇಳಬೇಕು. "ಮಾವನ ತೊಡೆ ಯಾಕೆ ಬೇಡ ಕಂದ? ಏನಿದ್ರೂ ಹೇಳು. ಅಜ್ಜಿ ಬಯ್ಯಲ್ಲ, ಯಾರ್ನೂ ಬಯ್ಯಕ್ಕೆ ಬಿಡಲ್ಲ."

ಲಂಗದ ಜರಿ ಕೀಳುತ್ತ ಹೇಳಿದಳು. "ಮಾವ ಹಿಡ್ಕೊಂಡು ಕಚಗುಳಿ ಇಡ್ತಾನೆ. ಹೊಟ್ಟೆಗೆ, ಕಂಕುಳಿಗೆ. ಸಾಕು ಸಾಕು ಅಂದ್ರೂ ಬಿಡಲ್ಲ. ಅವತ್ತು ಬರ್ತ್‌ಡೇಲಿ ನಾನು ಉಚ್ಚೆ ಮಾಡ್ಕೊಂಡ್ಬಿಟ್ಟೆ. ಎಲ್ಲಾರೂ ನಕ್ರು. ನೀನೂ ನಕ್ಕೆ."

ಬೇರೇನಾದರೂ ಉಂಟೇ ಎಂದು ಬೇರೆ ಬೇರೆ ಮಾತಿನಲ್ಲಿ, ಮೆಲ್ಲಗೆ, ತಿರುಗಿಸಿ ತಿರುಗಿಸಿ ಕೇಳಿದೆ. ಬೇರೇನೂ ಇರಲಿಲ್ಲ. ಇಷ್ಟು ವರ್ಷ ಮಕ್ಕಳ ಕಣ್ಣು ನೋಡಿಯೇ ಜ್ವರ ಹೇಳಿದವಳು ನಾನು, ಅವಳ ಕಣ್ಣಲ್ಲಿ ಮುಚ್ಚಿಟ್ಟದ್ದೇನೂ ಕಾಣಲಿಲ್ಲ. ಎದೆಯ ಮೇಲಿನ ಚಪ್ಪಡಿ ಸರಿದಂತಾಗಿ ಅಲ್ಲೇ ಕೂತು ಅತ್ತುಬಿಟ್ಟೆ.

"ಆದ್ರೆ ನೀನು ನಗ್ತಾ ಇರ್ತೀಯಲ್ಲೇ, ಕಚಗುಳಿ ಇಟ್ಟಾಗ?" ಎಂದೆ ಕಣ್ಣೊರೆಸಿಕೊಂಡು.

"ನಾನು ನಗಲ್ಲ ಅಜ್ಜಿ. ನಗು ತಾನಾಗೇ ಬರುತ್ತೆ." ಮತ್ತೆ ಕೇಳಿದಳು, "ಮಿಸ್ ಚಾರ್ಟಲ್ಲಿ ಹಸಿರು, ಕೆಂಪು ಎರಡೇ ಇದೆ. ಮಾವನ ಕಚಗುಳಿ ಯಾವ ಬಣ್ಣ?"

ಕೆಂಪು ಎಂದರೆ ನನ್ನ ಮಗ ಪಾಪಿಯಾಗುತ್ತಾನೆ, ಹಸಿರು ಎಂದರೆ ಇವಳು ಬಾಯಿ ಮುಚ್ಚಿಕೊಂಡು ತೊಡೆಯೇರಬೇಕು. "ಬಣ್ಣ ಯಾವುದಾದ್ರೂ ಇರ್ಲಿ, ನಿನಗೆ ಬೇಡ ಅಂದ್ರೆ ಬೇಡ" ಎಂದೆ. ಅಷ್ಟಕ್ಕೆ ಅವಳಿಗೆ ಸಮಾಧಾನವಾಯಿತು. ಕಲ್ಲಿನಿಂದ ಇಳಿದು ಮೂಗು ಒರೆಸಿಕೊಂಡಳು.

ಒಳಗೆ ಬಂದು ಎಲ್ಲರ ಎದುರಿಗೇ ಹೇಳಿದೆ: "ಕೆಟ್ಟದ್ದೇನೂ ನಡೆದಿಲ್ಲ. ಕಚಗುಳಿ ಇಡೋದು ಮಗೂಗೆ ಇಷ್ಟ ಇಲ್ಲ, ಅಷ್ಟೇ. ಈಗ ಯಾರ ತೊಡೆನೂ ಬೇಡ, ಓಲೆನೂ ಬೇಡ ಅಂತಾಳೆ. ಇವತ್ತು ಕಿವಿ ಚುಚ್ಚಿಸೋದು ಬೇಡ."

ಆ ಹೊತ್ತಿಗಾಗಲೇ ಮಣೆ ಖಾಲಿಯಾಗಿತ್ತು. ಓಲೆಯ ಡಬ್ಬಿಯನ್ನು ಅಕ್ಕನ ಕೈಗಿಟ್ಟು, ಬೈಕ್ ಹತ್ತಿ ಮಗ ಹೊರಟುಹೋಗಿದ್ದ.

"ಮಾವ ಹೋದ್ರೇನಂತೆ, ಮುಹೂರ್ತ ಬಿಡೋದು ಬೇಡ, ಮಾವನ ವರಸೇಲಿರೋ ಬೇರೆ ಯಾರ್ನಾದ್ರೂ ಕೂರ್ಸಿ" ಎಂದರು ಬೀಗಿತ್ತಿ. "ಅಲ್ಲ ಕಣ್ರಮ್ಮ, ಇಷ್ಟುದ್ದದ ಮಗು ಬೇಡ ಅಂತು ಅಂತ ನಾವೆಲ್ಲ ಕೈಕಟ್ಟಿ ಕೂರೋದಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?"

ಅಳಿಯ ಮೆತ್ತಗಿನ ಮನುಷ್ಯ. ಅವನೂ, "ಅತ್ತೆ, ಗಟ್ಟಿಯಾಗಿ ಹಿಡ್ಕೊಂಡ್ರೆ ಎರಡು ನಿಮಿಷದ ಕೆಲ್ಸ. ನೀವೇ ಎಷ್ಟು ಮಕ್ಕಳಿಗೆ ಹಿಡ್ಕೊಂಡು ಇಂಜೆಕ್ಷನ್ ಕೊಟ್ಟಿಲ್ಲ?" ಅಂದ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ನೆತ್ತಿಗೇರಿತು. "ಹಿಡ್ಕೊಂಡಿದೀನಪ್ಪ. ಧನುರ್ವಾಯು ಬರಬಾರ್ದು ಅಂತ ಹಿಡ್ಕೊಂಡೆ, ದಡಾರ ಬರಬಾರ್ದು ಅಂತ ಹಿಡ್ಕೊಂಡೆ. ಓಲೆ ಇಲ್ದೆ ಯಾವ ಮಗು ಸತ್ತಿದೆ ಹೇಳಿ ನೋಡೋಣ? ಬೇಕೇ ಬೇಕಾದ್ದಕ್ಕೂ ನಮ್ಮ ಚಂದಕ್ಕೆ ಮಾಡೋದಕ್ಕೂ ವ್ಯತ್ಯಾಸ ಇಲ್ವಾ? ಯಾರಾದ್ರೂ ಮಗೂನ ಹಿಡ್ಕೊಂಡ್ರೆ ನಾನು ಸುಮ್ಮನಿರಲ್ಲ!" ಆಚಾರ್ರು ಸೂಜಿಯನ್ನು ಒರೆಸಿ ಡಬ್ಬಿಗೆ ಹಾಕಿಕೊಂಡರು. ಕಡುಬು ಬೆಂದಿತ್ತು, ಯಾರೂ ಸರಿಯಾಗಿ ತಿನ್ನಲಿಲ್ಲ.

ನಾನು ಗೆದ್ದೆ ಎಂದುಕೊಂಡಿದ್ದೆ. ಎಲ್ಲಿಯ ಗೆಲುವು! ಅವತ್ತಿನಿಂದ ಮಗ ತರೀಕೆರೆಯ ಕಡೆ ತಲೆಹಾಕಲಿಲ್ಲ. ಅಕ್ಕ ಫೋನು ಮಾಡಿದರೆ "ಅಂಗಡೀಲಿ ಕೆಲಸ ಇದೆ" ಅನ್ನುತ್ತಿದ್ದ, ಮಗುವಿನ ಕೈಗೆ ಫೋನು ಕೊಟ್ಟರೆ ಕಟ್ಟಾಗುತ್ತಿತ್ತು. ದಸರಾ ರಜೆಗೆ ಮೊಮ್ಮಗಳು ಅಜ್ಜಂಪುರಕ್ಕೆ ಬಂದಳು. ಪ್ರತಿ ಭಾನುವಾರ ತಪ್ಪದೆ ನಮ್ಮಲ್ಲಿಗೆ ಊಟಕ್ಕೆ ಬಂದು, ಅವತ್ತಿನ ಮಾತೆತ್ತಿದರೆ ಮಾತ್ರ ತಟ್ಟೆ ಬಿಟ್ಟು ಏಳುತ್ತಿದ್ದವನು ಅವಳು ಬಂದಿದ್ದಾಳೆಂದು ತಿಳಿದು ಬರಲೇ ಇಲ್ಲ. ಅವನ ಪಾಲಿನ ಮುದ್ದೆ ತಟ್ಟೆಯಲ್ಲಿ ಆರಿಹೋಯಿತು. ಮಗು ಆ ತಟ್ಟೆಯನ್ನೇ ನೋಡುತ್ತಿತ್ತು.

"ಮಾವ ನನ್ ಜೊತೆ ಟೂ ಬಿಟ್ಟಿದಾನಾ ಅಜ್ಜಿ?"

"ಇಲ್ಲ ಕಣೇ, ಅವನಿಗೆ ಕೆಲಸ."

ಅವಳು ನಂಬಲಿಲ್ಲ. ಕೈತೊಳೆದು ಬಂದು ನನ್ನ ಪಕ್ಕ ಕೂತು, ಸೊಪ್ಪು ಸೋಸುತ್ತಿದ್ದ ನನ್ನ ಕೈಯನ್ನೇ ನೋಡುತ್ತ, ಹೇಳಿದಳು: "ನಾನು ತೊಡೆ ಮೇಲೆ ಕೂರ್ತೀನಿ ಅಂತ ಮಾವನಿಗೆ ಹೇಳು. ಕಚಗುಳಿ ಇಟ್ರೂ ಪರವಾಗಿಲ್ಲ. ನಾನು ಸಾಕು ಅನ್ನಲ್ಲ."

ಬಾಗಿಲ ಹಿಂದೆ ನಿಂತು ಗಟ್ಟಿಯಾಗಿ ಕೂಗಿದ ಹುಡುಗಿ ಈಗ ತಾನಾಗಿಯೇ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದಳು. ಬೇಡ ಎಂದರೆ ಪ್ರೀತಿ ಹೋಗುತ್ತದೆ ಎಂದು ಯಾರೂ ಅವಳಿಗೆ ಪಾಠ ಮಾಡಿರಲಿಲ್ಲ, ನಮ್ಮನ್ನು ನೋಡಿಯೇ ಕಲಿತಿದ್ದಳು. ಇದು ಅವಳ ಮನಸ್ಸಿನಲ್ಲಿ ಕೂತುಬಿಟ್ಟರೆ ಮುಗಿಯಿತು. ಇವತ್ತು ಪ್ರೀತಿಸುವ ಮಾವನಿಗೆ ಸಾಕು ಅನ್ನದವಳು, ನಾಳೆ ಕೆಟ್ಟವನೊಬ್ಬ ಎದುರು ನಿಂತರೆ ಅಂದಾಳೆಯೇ? ಶಾಲೆಯ ಚಾರ್ಟಿನಲ್ಲಿ ಎಷ್ಟು ಬಣ್ಣ ಬಳಿದರೂ ನೀರಲ್ಲಿ ಹೋಮವಾದಂತೆ. ನನಗೆ ಮಗನ ಮೇಲೆ ಎಂಥ ಕೋಪ ಬಂತೆಂದರೆ, ಸೊಪ್ಪಿನ ಜೊತೆ ಕಡ್ಡಿಯನ್ನೂ ಪಾತ್ರೆಗೆ ಹಾಕಿದ್ದೆ.

ಮಾರನೆಯ ದಿನ ಮಗುವನ್ನು ಯಜಮಾನರ ಹತ್ತಿರ ಬಿಟ್ಟು, ಬೀರೂರಿನ ಮೇಲೆ ಹೋಗುವ ಬಸ್ಸು ಹಿಡಿದು ಕಡೂರಿಗೆ ಹೋದೆ. ಮಗ ಅಂಗಡಿಯಲ್ಲಿ ಸುಟ್ಟುಹೋದ ಮೋಟಾರೊಂದನ್ನು ಬಿಚ್ಚಿಕೊಂಡು ತಾಮ್ರದ ತಂತಿ ಸುತ್ತುತ್ತಿದ್ದ. ನನ್ನನ್ನು ಕಂಡು, "ಏನಮ್ಮ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ?" ಅಂದ.

"ನೀನು ಹೇಳ್ದೆ ಕೇಳ್ದೆ ಬರೋದು ಬಿಟ್ಯಲ್ಲ, ಅದಕ್ಕೆ. ಏನೋ, ಐದು ವರ್ಷದ ಮಗು ಮೇಲೆ ಹಗೆ ಸಾಧಿಸ್ತೀಯಾ?"

ತಂತಿ ಕೆಳಗಿಟ್ಟ. ಆಮೇಲೆ ಒಮ್ಮೆಲೇ ಎಲ್ಲ ಹೊರಬಂತು. "ಹಗೆ ಅಲ್ಲಮ್ಮ. ಅವತ್ತು ಬೀಗ್ರಮ್ಮ ನನ್ನ ಹೆಂಗೆ ನೋಡಿದ್ರು ಅಂತ ನೋಡಿದ್ಯಾ? ಆ ನೋಟ ಕಣ್ಣು ಮುಚ್ಚಿದ್ರೂ ಬತ್ತದೆ. ಅವರು ಹೋಗ್ಲಿ, ಹೊರಗಿನೋರು. ನೀನೂ ಮಗೂನ ಹಿತ್ತಲಿಗೆ ಕರ್ಕೊಂಡು ಹೋದೆ. ನಿಂಗೂ ನನ್ ಮೇಲೆ ಅನುಮಾನ ಬಂತು ತಾನೇ?"

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. "ಬಂತು" ಎಂದೆ. "ಕೇಳ್ದೇ ಇದ್ದಿದ್ರೆ ನಾನು ಆ ಮಗೂಗೆ ಅಜ್ಜಿನೇ ಅಲ್ಲ. ಕೇಳ್ದೆ. ಅಂಥದ್ದೇನೂ ಇಲ್ಲ ಅಂತ ಗೊತ್ತಾಯ್ತು. ಎಲ್ಲಾರ ಎದುರಿಗೂ ಹೇಳ್ದೆ. ಅದನ್ನ ಕೇಳಕ್ಕೆ ನೀನು ನಿಂತಿದ್ರೆ ತಾನೇ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗೆ ಓಡಿಬಂದೆ."

"ಮತ್ತೆ ಯಾಕೆ ಒಲ್ಲೆ ಅಂದ್ಲು?"

ಅವನಿಗೆ ಅದೇ ಗೊತ್ತಿರಲಿಲ್ಲ. ಅವನಿಗೆ ಹೇಳಿದರೆ ಇನ್ನೂ ನೊಂದುಕೊಳ್ಳುತ್ತಾನೆಂದು ಅಕ್ಕ ಬಾಯಿಬಿಟ್ಟಿರಲಿಲ್ಲವಂತೆ. ಕಚಗುಳಿಯ ವಿಷಯ, ಹುಟ್ಟುಹಬ್ಬದ ದಿನ ಲಂಗ ಒದ್ದೆಯಾದದ್ದು, ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕದ್ದು, ಎಲ್ಲ ಹೇಳಿದೆ.

"ಅವಳು ನಗ್ತಿದ್ಲಲ್ಲಮ್ಮ! ಕೇಕೆ ಹಾಕ್ತಿದ್ಲು. ಖುಷಿ ಅಂದ್ಕೊಂಡೆ."

"ನಗು ತಾನಾಗೇ ಬರುತ್ತೆ ಅಂದ್ಲು. ಸಾಕು ಅಂತಾನೂ ಅಂತಿದ್ಲಲ್ಲ, ಅದು ನಿನ್ ಕಿವಿಗೆ ಬೀಳ್ಲಿಲ್ವಾ?"

ಅವನು ಕೈಗೆ ಹತ್ತಿದ್ದ ವಾರ್ನಿಷನ್ನು ಬಟ್ಟೆಯಿಂದ ಒರೆಸುತ್ತ ಒರೆಸುತ್ತ ಇದ್ದ. ಕೈ ಶುಭ್ರವಾದ ಮೇಲೂ ಒರೆಸುತ್ತಿದ್ದ. "ಅಮ್ಮ, ನಿನ್ ತಮ್ಮ ಬಂದಾಗೆಲ್ಲ ನಾನು ಬಣವೆ ಹಿಂದೆ ಹೋಗಿ ಕೂರ್ತಿದ್ದೆ, ನೆನಪೈತಾ?"

"ಆಟ ಆಡಕ್ಕೆ ಹೋಗ್ತಿದ್ದೆ."

"ಆಟ ಅಲ್ಲ. ಮಾವ ಕಂಡ ತಕ್ಷಣ ನನ್ನ ಎತ್ತಿ ಮೇಲಕ್ಕೆ ಎಸೀತಿದ್ದ. ಜೀವ ಬಾಯಿಗೆ ಬತ್ತಿತ್ತು. ಗಂಡುಹುಡುಗ ಹೆದರ್ತಾನೆ ಅಂತ ಎಲ್ಲಾರೂ ನಗ್ತಿದ್ರು. ಅದಕ್ಕೆ ಬಚ್ಚಿಟ್ಕೋತಿದ್ದೆ." ಅಷ್ಟು ಹೇಳಿ ಅವನು ಅಳತೊಡಗಿದ. "ನಾನೂ ಅದೇ ಮಾವ ಆಗ್ಬಿಟ್ನಲ್ಲಮ್ಮ."

ನನ್ನ ಕೋಪವೆಲ್ಲ ಇಳಿದುಹೋಯಿತು. ಎದುರುಗಡೆ ಕೂತಿದ್ದವನು ಮೀಸೆ ಬಂದ ಗಂಡಸಾದರೂ ನನಗೆ ಬಣವೆಯ ಹಿಂದಿನ ಮಗುವೇ ಕಂಡಿತು. ತಲೆ ಸವರಲು ಕೈ ಎತ್ತಿದವಳು, "ಸವರ್ಲೇನೋ?" ಎಂದೆ. ಅಳುತ್ತಿದ್ದವನು ಫಕ್ಕನೆ ನಕ್ಕು, "ಇದೊಂದು ಹೊಸ ನಾಟಕ ಶುರು ಮಾಡ್ದೆ ನೋಡು" ಎಂದು ತಲೆ ಬಗ್ಗಿಸಿದ.

"ಈಗ ನಾನೇನ್ ಮಾಡ್ಲಿ? ಅವಳ್ನ ಮುಟ್ಟೋದೇ ಬಿಟ್ಬಿಡ್ಲಾ?"

"ಮುಟ್ಟೋದು ಬಿಡೋದು ಅವಳಿಷ್ಟ. ಮುಖ ತೋರ್ಸದೇ ಇರೋದು ಮಾತ್ರ ಬೇಡ. ಬೇಡ ಅಂದಿದ್ದಕ್ಕೆ ಮಾವ ಹೋಗ್ಬಿಟ್ಟ ಅಂದ್ಕೊಂಡಿದೆ ಆ ಕೂಸು."

ಭಾನುವಾರ ಬಂದ. ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಜಗಲಿಯ ತುದಿಯಲ್ಲಿ ಕೂತ. ಮಗು ಕಂಬದ ಮರೆಯಿಂದ ಇಣುಕುತ್ತಿತ್ತು. ಅವನು ಬೇರೆ ಪೀಠಿಕೆ ಹಾಕಲಿಲ್ಲ. "ನೀನು ಸಾಕು ಅಂದಾಗ ನಾನು ಬಿಡ್ಲಿಲ್ಲ. ತಪ್ಪಾಯ್ತು ಕಣೇ. ಇನ್ಮೇಲೆ ಕೇಳ್ದೆ ಕಚಗುಳಿ ಇಡಲ್ಲ" ಅಂದ.

ಅವಳು ಕಂಬದ ಮರೆಯಿಂದ ಹೊರಬಂದಳು. "ಈಗ ಕೇಳು."

"ಕಚಗುಳಿ ಇಡ್ಲಾ?"

"ಬೇಡ."

"ಸರಿ, ಬೇಡ."

ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಮತ್ತೆ ಕೇಳು ಅಂದಳು. ಮತ್ತೆ ಬೇಡ ಅಂದಳು. ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ ಅದೇ ಆಟ. ಅವಳು ಬೇಡ ಅನ್ನುವುದು, ಅವನು ಸರಿ ಅನ್ನುವುದು, ಇಬ್ಬರೂ ನಗುವುದು. ನಮ್ಮ ಯಜಮಾನರು ಪೇಪರು ಮಡಚಿಟ್ಟು, "ಇದೇನ್ರೋ ನಿಮ್ಮ ಹುಚ್ಚು" ಎಂದು ಎದ್ದುಹೋದರು.

ಊಟವಾದ ಮೇಲೆ ಮಾವ ಚಾಪೆಯ ಮೇಲೆ ಅಡ್ಡಾದ. ಇವಳು ಅವನ ಹೊಟ್ಟೆಗೆ ಕಚಗುಳಿ ಇಡತೊಡಗಿದಳು. ಮೊದಮೊದಲು ನಕ್ಕ. ಆಮೇಲೆ "ಸಾಕು ಕಣೇ, ಈಗ ತಾನೇ ಉಂಡಿದೀನಿ" ಅಂದ. ಅವಳು ಬಿಡಲಿಲ್ಲ. ನಾನು ಅಡುಗೆಮನೆಯಿಂದಲೇ ಗದರಿದೆ: "ಏಯ್, ಮಾವ ಸಾಕು ಅಂದ ಅಲ್ವಾ?" ಅವಳ ಕೈ ಅಲ್ಲೇ ನಿಂತಿತು. ತನ್ನ ಕೈಯನ್ನೊಮ್ಮೆ, ಮಾವನ ಮುಖವನ್ನೊಮ್ಮೆ ನೋಡಿದಳು. "ಸಾರಿ ಮಾವ" ಅಂದಳು. ಇದನ್ನು ಶಾಲೆಯಲ್ಲಿ ಹೇಳಿಕೊಟ್ಟಿದ್ದರೋ ಇಲ್ಲವೋ ಕಾಣೆ, ನಮ್ಮ ಚಾಪೆಯ ಮೇಲೆ ಚೆನ್ನಾಗಿ ಕಲಿತಳು.

ಕಿವಿ ಚುಚ್ಚಿಸುವ ಮಾತನ್ನು ಮತ್ತೆ ಎತ್ತಿದವಳು ಅವಳೇ. ರಜೆಗೆ ಮುಂಚೆ ಕ್ಲಾಸಿನ ಗೆಳತಿಯೊಬ್ಬಳು ಜುಮುಕಿ ಹಾಕಿಕೊಂಡು ಬಂದಿದ್ದಳಂತೆ. ಈ ಸಲ ನಮ್ಮ ಮನೆಯಲ್ಲೇ ಎಂದಾಯಿತು. ತರೀಕೆರೆಯಿಂದ ಮಗಳು, ಅಳಿಯ, ಬೀಗಿತ್ತಿ ಬಂದರು, ಆಚಾರ್ರನ್ನೂ ಕರೆತಂದರು. ಬೀಗಿತ್ತಿ ನನ್ನ ಮಗನಿಗೆ ತಾವೇ ಕಾಫಿ ಕೊಟ್ಟು, "ಚೆನ್ನಾಗಿದೀಯೇನಪ್ಪಾ" ಎಂದು ಎರಡೆರಡು ಸಲ ಕೇಳಿದರು. ಆ ಹೆಂಗಸು ಕೆಟ್ಟವರಲ್ಲ, ಅವರಿಗೂ ಆ ನೋಟ ಒಳಗೆ ಚುಚ್ಚುತ್ತಿತ್ತು ಎಂದು ನನಗೆ ತಿಳಿಯಿತು.

ಮಗು ಮಾತ್ರ ತೊಡೆ ಒಪ್ಪಲಿಲ್ಲ. ತನಗೆ ಬೇರೆ ಮಣೆ ಬೇಕು ಅಂದಳು. ಬೀಗಿತ್ತಿ ನಿಟ್ಟುಸಿರು ಬಿಟ್ಟರು. ಅವಳು ಮಾವನ ಪಕ್ಕದಲ್ಲಿ ಮಣೆ ಹಾಕಿಸಿಕೊಂಡು ಕೂತು, ಏನೋ ಲೆಕ್ಕ ಹಾಕಿದವಳಂತೆ ಎರಡೂ ಪಾದಗಳನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. "ಕಾಲು ಮಾತ್ರ" ಅಂದಳು. ಆಚಾರ್ರು ನಕ್ಕು, "ತೊಡೆ ಸಿಕ್ತಲ್ಲ ನರ್ಸಮ್ಮ, ಶಾಸ್ತ್ರಕ್ಕೆ ಇಷ್ಟು ಸಾಕು ಬಿಡಿ" ಎಂದರು.

"ಇರುವೆ ಕಚ್ಚಿದಂಗೆ ಅಷ್ಟೇ ಪುಟ್ಟ" ಎಂದ ಅಳಿಯ. "ಇರುವೆ ಅಲ್ಲ, ನೋಯುತ್ತೆ. ಅಳು ಬಂದ್ರೆ ಅಳು" ಎಂದೆ ನಾನು. ಅವಳು ಹೂಂ ಅಂದು ಕಣ್ಣು ಮುಚ್ಚಿಕೊಂಡಳು. ಆಚಾರ್ರು ಬಲಗಿವಿಯ ಮೇಲಿಟ್ಟ ಗುರುತನ್ನು ನೋಡಿ ಸೂಜಿ ಚುಚ್ಚಿ, ಮಾವ ತಂದ ಓಲೆಯ ತಂತಿ ತಿರುವಿದರು. ಕೂಸು ಚೀರಿದ್ದಕ್ಕೆ ಹಿತ್ತಲಿನ ಕಾಗೆಗಳು ಎದ್ದವು.

"ಸಾಕು! ಸಾಕು! ಇನ್ನೊಂದು ಬೇಡ!"

ಎಲ್ಲರೂ ಒಟ್ಟಿಗೇ ಮುತ್ತಿಕೊಂಡೆವು. "ಇನ್ನೊಂದೇ ಬಂಗಾರಿ" ಅಂದಳು ಮಗಳು. "ಒಂಟಿ ಕಿವಿ ಬಿಡಬಾರದು ಕಣಮ್ಮ" ಅಂದರು ಬೀಗಿತ್ತಿ. ಆಚಾರ್ರು ಆಗಲೇ ಎಡಗಡೆಗೆ ಸರಿದಿದ್ದರು. ನಾನು? ಅಷ್ಟೆಲ್ಲ ಭಾಷಣ ಬಿಗಿದ ನಾನು? ನನ್ನ ಎರಡೂ ಕೈಗಳು ತಾವಾಗಿಯೇ ಎದ್ದು ಅವಳ ತಲೆಯನ್ನು ಗಟ್ಟಿಯಾಗಿ ಹಿಡಿದುಬಿಟ್ಟಿದ್ದವು. ಇನ್ನೊಂದು ಕ್ಷಣ, ಮುಗಿದೇ ಹೋಗುತ್ತಿತ್ತು.

"ನಿಲ್ಸಿ ಆಚಾರ್ರೇ" ಎಂದ ಮಗ.

ಆಚಾರ್ರ ಕೈ ನಿಂತಿತು.

"ಸಾಕು ಅಂದ್ಲು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ಕೈ ತೆಗಿ."

ಕೈ ತೆಗೆದೆ. ನನ್ನ ಮಗನಿಂದ ಹಾಗೆ ಹೇಳಿಸಿಕೊಂಡದ್ದಕ್ಕೆ ನಾಚಿಕೆಯಾಯಿತು, ಅವನು ನನ್ನ ಮಗ ಎಂದು ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೇ ಆಗಿ ಕಣ್ಣು ತುಂಬಿಕೊಂಡಿತು. ಬೀಗಿತ್ತಿ, "ಒಂದು ಕಿವೀಲಿ ಓಲೆ ಹಾಕ್ಕೊಂಡು ಹೋದ್ರೆ ಜನ ಏನಂದಾರು?" ಎಂದರು. "ಸೋದರಮಾವನ ಮಾತು ನಡೀಬೇಕು ಅಲ್ವಾ ಅತ್ತೆ ಇವತ್ತು? ನನ್ ಮಾತು ಇದೇ" ಎಂದ ಮಗ. ಶಾಸ್ತ್ರವನ್ನೇ ಮುಂದಿಟ್ಟವನಿಗೆ ಅವರಾದರೂ ಏನು ಹೇಳಿಯಾರು?

ಮಗು ಬಿಕ್ಕುತ್ತ ಒಬ್ಬೊಬ್ಬರ ಮುಖವನ್ನೂ ನೋಡಿತು. ಯಾರೂ ಹತ್ತಿರ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಕೊನೆಗೆ ಮಾವನನ್ನು ನೋಡಿತು. ಅವನು ಕದಲದೆ ಕೂತಿದ್ದ, ತೊಡೆಯ ಮೇಲೆ ಆ ಪುಟ್ಟ ಪಾದಗಳು ಹಾಗೆಯೇ ಇದ್ದವು.

ರಜೆ ಮುಗಿಸಿ ಅವಳನ್ನು ತರೀಕೆರೆಗೆ ಬಿಟ್ಟುಬರಲು ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಪಕ್ಕದ ಸೀಟಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು ಕೂತಿದ್ದರು. ಬಲಗಿವಿಯ ಓಲೆ ನೋಡಿ, ಬರಿದಾದ ಎಡಗಿವಿ ನೋಡಿ, ತಡೆಯಲಾರದೆ ಕೇಳಿಯೇಬಿಟ್ಟರು: "ಯಾಕ್ ಕೂಸೇ, ಇದೊಂದು ಕಿವಿ ಬಿಟ್ಟವ್ರೆ?"

"ನಾನು ಸಾಕು ಅಂದೆ."

"ಸಾಕು ಅಂದ್ರೆ? ಅಂದಿದ್ದಕ್ಕೆ ಬಿಟ್ಬಿಟ್ರಾ?"

ಮೊಮ್ಮಗಳು ಅವರನ್ನು ವಿಚಿತ್ರವಾಗಿ ನೋಡಿದಳು. ಇಷ್ಟು ದೊಡ್ಡವರಾಗಿ ಇಂಥ ಪ್ರಶ್ನೆ ಕೇಳುತ್ತಾರಲ್ಲ ಎಂಬಂತೆ.

"ಹೂಂ. ಬಿಟ್ರು."

ಆ ಹೆಂಗಸು ಕಿಟಕಿಯ ಕಡೆ ಮುಖ ತಿರುಗಿಸಿ, ತಮ್ಮ ಊರು ಬರುವವರೆಗೂ ತಮ್ಮ ಕಿವಿಯ ಓಲೆಯನ್ನು ಬೆರಳಲ್ಲಿ ತಿರುವುತ್ತ ಹೊರಗೆ ನೋಡುತ್ತ ಕೂತಿದ್ದರು.